‘ಹ್ಯಾರಿ ಹೀಗಿರಲ್ಲ!’: ಒಂದು ಚಿತ್ರಕಾದಂಬರಿ, ಅದಕ್ಕೆ ಬಂದ ಪ್ರತಿಕ್ರಿಯೆಗಳು, ನಾವು ಕಲಿತ ಪಾಠ



ನಮ್ಮ ಸಂಘದ ಓದುಕೂಟದಲ್ಲಿ ಜಗಳ ಆಗೋದು ಸಾಮಾನ್ಯವಾಗಿ ಚಹಾದ ಲೆಕ್ಕಕ್ಕೆ. ಕಳೆದ ಸೆಮಿಸ್ಟರ್‌ನಲ್ಲಿ ಮಾತ್ರ ಒಂದು ಪುಸ್ತಕದ ವಿಷಯಕ್ಕೆ ಆಯ್ತು. ಜಗಳಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಜಗಳದ ನಡುವೆ ನಮ್ಮಲ್ಲೊಬ್ಬರು ಸುಮ್ಮನಾಗಿಬಿಟ್ಟರು. ಅದನ್ನು ನಾವು ಗಮನಿಸಿದ್ದು ಆಮೇಲೆ, ಕೋಣೆಗೆ ಬೀಗ ಹಾಕುವಾಗ. ಈ ಲೇಖನ ಬರೆಯೋದಕ್ಕೆ ಅದೇ ಕಾರಣ. ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಪು ಕೊಡೋ ಉದ್ದೇಶ ನಮಗಿಲ್ಲ. ಒಂದು ಪುಸ್ತಕ ಓದಿದ ಮೇಲೆ ನಮ್ಮ ಬಾಯಿಂದ ಬರುವ ಮೊದಲ ಮಾತು ಎಲ್ಲಿಂದ ಬರುತ್ತೆ, ಅದರಲ್ಲಿ ಪುಸ್ತಕದ ಪಾಲೆಷ್ಟು, ನಮ್ಮ ಪಾಲೆಷ್ಟು ಅಂತ ಬಿಡಿಸಿ ನೋಡೋ ಪ್ರಯತ್ನ ಇದು. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಬಿಚ್ಚಿ ನೋಡ್ತೀವಲ್ಲ, ಹಾಗೆ.

ಪುಸ್ತಕ ಯಾವುದು?

ಅಮೆರಿಕದ ಲೇಖಕ ಜಿಮ್ ಬುಚರ್ ಬರೆದಿರುವ ‘ದಿ ಡ್ರೆಸ್ಡೆನ್ ಫೈಲ್ಸ್’ ಅನ್ನೋ ಕಾದಂಬರಿ ಸರಣಿ ಇದೆ. ಇಂಥ ಕಥೆಗಳಿಗೆ ಅರ್ಬನ್ ಫ್ಯಾಂಟಸಿ ಅಂತಾರೆ. ಅಂದರೆ ಮಾಟ, ಮಂತ್ರ, ಭೂತ, ಯಕ್ಷಿ ಎಲ್ಲಾ ಯಾವುದೋ ದೂರದ ಮಾಯಾ ರಾಜ್ಯದಲ್ಲಿರೋದಿಲ್ಲ, ಬಸ್ಸು ಓಡಾಡುವ, ಬಾಡಿಗೆ ಕಟ್ಟಬೇಕಾದ ಇಂದಿನ ಊರಲ್ಲೇ ಇರುತ್ತೆ. ಇಲ್ಲಿ ಆ ಊರು ಶಿಕಾಗೋ. ನಾಯಕ ಹ್ಯಾರಿ ಡ್ರೆಸ್ಡೆನ್ ಮಾಂತ್ರಿಕ. ಟೆಲಿಫೋನ್ ಡೈರೆಕ್ಟರಿಯಲ್ಲಿ ‘ಮಾಂತ್ರಿಕರು’ ಅನ್ನೋ ತಲೆಬರಹದ ಕೆಳಗೆ ಹೆಸರು ಹಾಕಿಸಿಕೊಂಡವನು. ಕೈಯಲ್ಲಿ ಕಾಸಿಲ್ಲ, ಬಾಯಿ ಮಾತ್ರ ಜೋರು. ಪೊಲೀಸರಿಗೆ ಬಿಡಿಸಲಾಗದ ವಿಚಿತ್ರ ಕೇಸುಗಳು ಬಂದಾಗ ಸ್ಪೆಷಲ್ ಇನ್ವೆಸ್ಟಿಗೇಷನ್ಸ್ ವಿಭಾಗದ ಮುಖ್ಯಸ್ಥೆ ಲೆಫ್ಟಿನೆಂಟ್ ಕ್ಯಾರಿನ್ ಮರ್ಫಿ ಇವನನ್ನು ಕರೆಸ್ತಾರೆ.

ನಮಗೆಲ್ಲ ತುಂಬಾ ಹಿಡಿಸಿದ ವಿಷಯ ಒಂದಿದೆ. ಈ ಸರಣಿಯಲ್ಲಿ ಮಾಂತ್ರಿಕರಿಗೂ ಎಲೆಕ್ಟ್ರಾನಿಕ್ಸ್‌ಗೂ ಆಗಿಬರೋದಿಲ್ಲ. ಹ್ಯಾರಿ ಹತ್ತಿರ ಬಂದರೆ ಕಂಪ್ಯೂಟರ್ ಕೆಡುತ್ತೆ, ಯಂತ್ರ ಹೊಸದಾದಷ್ಟೂ ಬೇಗ ಕೈಕೊಡುತ್ತೆ. ಅದಕ್ಕೇ ಅವನು ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಓಡಿಸ್ತಾನೆ. ನಮ್ಮ ಕಾಲೇಜಿಗೆ ಸೇರಿದ್ದರೆ ಅವನು ಮೊದಲ ಸೆಮಿಸ್ಟರ್‌ನ ಬೇಸಿಕ್ ಎಲೆಕ್ಟ್ರಾನಿಕ್ಸ್ ಲ್ಯಾಬ್ ದಾಟ್ತಿರಲಿಲ್ಲ. ದಾಟಿದ್ದರೂ ಲ್ಯಾಬ್ ಉಳೀತಿರಲಿಲ್ಲ.

ಸರಣಿಯ ಮೊದಲ ಕಾದಂಬರಿ ‘ಸ್ಟಾರ್ಮ್ ಫ್ರಂಟ್’ ಬಂದಿದ್ದು 2000ರಲ್ಲಿ. 2008ರ ಹೊತ್ತಿಗೆ ಹತ್ತು ಕಾದಂಬರಿಗಳು ಬಂದಿದ್ದವು. ಅದೇ ವರ್ಷ ಬಂತು ‘ವೆಲ್‌ಕಮ್ ಟು ದಿ ಜಂಗಲ್’. ಇದು ಚಿತ್ರಕಾದಂಬರಿ. ಕಥೆ ಬುಚರ್ ಅವರದೇ. ಚಿತ್ರ ಬರೆದವರು ಇಂಡೋನೇಷ್ಯಾದ ಕಲಾವಿದ ಆರ್ದಿಯಾನ್ ಸ್ಯಾಫ್. ಮೊದಲು ನಾಲ್ಕು ಸಂಚಿಕೆಗಳಾಗಿ ಬಂದು ಆಮೇಲೆ ಒಂದೇ ಪುಸ್ತಕವಾಯಿತು. ಇದ್ದ ಕಾದಂಬರಿಯನ್ನು ಚಿತ್ರಕ್ಕಿಳಿಸಿದ್ದಲ್ಲ, ಹೊಸ ಕಥೆ. ‘ಸ್ಟಾರ್ಮ್ ಫ್ರಂಟ್’ ಶುರುವಾಗೋಕೆ ಸ್ವಲ್ಪ ಮೊದಲು ನಡೆಯುವ ಪೂರ್ವಕಥೆ.

ಕಥೆ ಶುರುವಾಗೋದು ಶಿಕಾಗೋದ ಲಿಂಕನ್ ಪಾರ್ಕ್ ಮೃಗಾಲಯದಲ್ಲಿ. ಅಲ್ಲಿನ ಕಾವಲುಗಾರ ಸತ್ತುಬಿದ್ದಿದ್ದಾನೆ. ಎಲ್ಲರ ಕಣ್ಣು ಒಂದು ಗೊರಿಲ್ಲಾದ ಮೇಲೆ. ಹ್ಯಾರಿಗೆ ಮಾತ್ರ ಗೊರಿಲ್ಲಾ ತಪ್ಪು ಮಾಡಿದೆ ಅಂತ ಅನ್ನಿಸೋದಿಲ್ಲ. ಮುಂದಿನದು ಹೇಳಲ್ಲ, ಓದಿಕೊಳ್ಳಿ.

2009ರಲ್ಲಿ ಹ್ಯೂಗೋ ಪ್ರಶಸ್ತಿಗೆ ‘ಅತ್ಯುತ್ತಮ ಚಿತ್ರಕಥೆ’ ಅನ್ನೋ ವಿಭಾಗ ಹೊಸದಾಗಿ ಸೇರಿದಾಗ ಅಂತಿಮ ಪಟ್ಟಿಯಲ್ಲಿ ಈ ಪುಸ್ತಕವೂ ಇತ್ತು. ಪ್ರಶಸ್ತಿ ಹೋಗಿದ್ದು ‘ಗರ್ಲ್ ಜೀನಿಯಸ್’ ಸರಣಿಯ ಎಂಟನೇ ಸಂಪುಟಕ್ಕೆ. ಹಾಗಂತ ಇದನ್ನು ಓದಿದವರೆಲ್ಲ ಒಪ್ಪಿಕೊಂಡರು ಅಂತಲ್ಲ. ಇದರ ಬಗ್ಗೆ ಓದುಗರ ಮಾತು ಮೊದಲಿಂದಲೂ ಎರಡು ಮೂರು ದಿಕ್ಕಿಗೆ ಎಳೆಯುತ್ತೆ. ನಮ್ಮ ಕೋಣೆಯಲ್ಲೂ ಹಾಗೇ ಆಯ್ತು. ಒಂದೊಂದಾಗಿ ನೋಡೋಣ.

ಮೊದಲ ಪ್ರತಿಕ್ರಿಯೆ: ‘ಹ್ಯಾರಿ ಹೀಗಿರಲ್ಲ!’

ಪುಸ್ತಕ ತೆರೆದು ಐದು ನಿಮಿಷ ಆಗಿರಲಿಲ್ಲ, ಮೆಕ್ಯಾನಿಕಲ್‌ನ ಗೆಳೆಯ ಕೂಗಿದ. ‘ಇವನ್ಯಾರಪ್ಪಾ? ನನ್ನ ಹ್ಯಾರಿ ಹೀಗಿರಲ್ಲ.’ ಅವನು ಏಳೆಂಟು ಕಾದಂಬರಿ ಓದಿದವನು. ‘ಹೇಗಿರಬೇಕಿತ್ತು ಹೇಳು ಮತ್ತೆ’ ಅಂದ್ವಿ. ಹೇಳೋಕೆ ಹೋದ. ತುಂಬಾ ಎತ್ತರ, ಸಣಕಲು, ಕಪ್ಪು ಕೂದಲು, ಉದ್ದನೆಯ ಕೋಟು, ಕೈಯಲ್ಲೊಂದು ಕೋಲು. ಎಲ್ಲಾ ಚಿತ್ರದಲ್ಲೇ ಇತ್ತು. ‘ಅದೆಲ್ಲಾ ಸರಿ ಕಣ್ರೋ, ಆದ್ರೂ ಇವನಲ್ಲ’ ಅಂದ.

ನಗಬೇಡಿ. ಇದು ತುಂಬಾ ನಿಜವಾದ ಮಾತು. ಜರ್ಮನಿಯ ವಿಮರ್ಶಕ ವುಲ್ಫ್‌ಗ್ಯಾಂಗ್ ಈಸರ್ 1970ರ ದಶಕದಲ್ಲಿ ಓದುವ ಕ್ರಿಯೆಯ ಬಗ್ಗೆ ಬರೆದವರು. ಬರಹ ಯಾವತ್ತೂ ಪೂರ್ತಿ ಹೇಳೋದಿಲ್ಲ, ನಡುನಡುವೆ ಖಾಲಿ ಜಾಗ ಬಿಡುತ್ತೆ, ಅದನ್ನು ತುಂಬೋದೇ ಓದು ಅನ್ನೋದು ಅವರ ವಾದದ ತಿರುಳು. ಕಾದಂಬರಿ ಓದಿ ಆಮೇಲೆ ಅದರ ಸಿನಿಮಾ ನೋಡಿದವರು ‘ನಾನು ಅಂದುಕೊಂಡಿದ್ದು ಹೀಗಲ್ಲ’ ಅಂತ ಬೇಸರ ಪಡೋದನ್ನೂ ಅವರು ಚರ್ಚಿಸಿದ್ದಾರೆ. ಮನಸ್ಸಿನ ಚಿತ್ರ ಸ್ಪಷ್ಟವಾಗಿರೋದಿಲ್ಲ. ಹಾಗಿರೋದೇ ಅದರ ಶಕ್ತಿ. ಅದು ಬದಲಾಗ್ತಾ ಇರುತ್ತೆ, ನಮ್ಮದಾಗಿರುತ್ತೆ. ಕಣ್ಣಿಗೆ ಕಾಣುವ ಚಿತ್ರ ಬಂದ ಕೂಡಲೇ ಆ ಸಾಧ್ಯತೆಗಳೆಲ್ಲ ಮುಚ್ಚಿ ಒಂದೇ ಮುಖ ಉಳಿಯುತ್ತೆ. ನಮ್ಮ ಗೆಳೆಯನ ತಲೆಯಲ್ಲಿದ್ದ ಹ್ಯಾರಿಗೆ ಮುಖವೇ ಇರಲಿಲ್ಲ, ಒಂದು ದನಿ ಇತ್ತು, ನಡೆಯುವ ಒಂದು ರೀತಿ ಇತ್ತು. ಈಗ ಅದರ ಜಾಗದಲ್ಲಿ ಬೇರೆ ಯಾರೋ ಬರೆದ ಮುಖ ಬಂದು ಕೂತಿದೆ.

ಇದರ ಮೇಲೆ ಇನ್ನೊಂದು ಮಾತೂ ಸೇರಿಸಬೇಕು. ಸ್ಕಾಟ್ ಮೆಕ್‌ಕ್ಲೌಡ್ ಅವರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ 1993ರಲ್ಲಿ ಬಂದ ಪುಸ್ತಕ. ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು ಕಾಮಿಕ್ಸ್ ರೂಪದಲ್ಲೇ ವಿವರಿಸುವ ಪುಸ್ತಕ ಅದು. ಅಲ್ಲಿ ಅವರು ಹೇಳೋದು ಇಷ್ಟು: ಎರಡು ಚುಕ್ಕೆ, ಒಂದು ಗೆರೆಯ ಸರಳ ಮುಖ ಯಾರ ಮುಖ ಬೇಕಾದರೂ ಆಗಬಹುದು, ಓದುಗ ಅದರೊಳಗೆ ತನ್ನನ್ನೇ ಕೂರಿಸಿಕೊಳ್ಳಬಹುದು. ಮುಖ ವಿವರ ವಿವರವಾಗಿ, ನೈಜವಾಗಿ ಮೂಡಿದಷ್ಟೂ ಅದು ಬೇರೊಬ್ಬನ ಮುಖವಾಗುತ್ತೆ. ಸ್ಯಾಫ್ ಅವರದು ನೈಜ ಶೈಲಿ. ಮೈಕಟ್ಟು, ನೆರಳು, ಬಟ್ಟೆಯ ಮಡಿಕೆ ಎಲ್ಲವನ್ನೂ ಬಿಡದೆ ತೋರಿಸ್ತಾರೆ. ಹಾಗಾಗಿ ‘ಇವನು ನನ್ನ ಹ್ಯಾರಿ ಅಲ್ಲ’ ಅನ್ನೋ ದೂರಿಗೆ ಎರಡು ಬೇರುಗಳಿವೆ. ಒಂದು ಓದುಗನ ನೆನಪಲ್ಲಿದೆ, ಇನ್ನೊಂದು ಕಲಾವಿದನ ಶೈಲಿಯಲ್ಲಿದೆ.

ಮಜಾ ಅಂದರೆ, ನಮ್ಮ ಗೆಳೆಯನ ತಲೆಯ ಚಿತ್ರವೂ ಪೂರ್ತಿ ಕಾದಂಬರಿಯಿಂದ ಬಂದಿದ್ದಲ್ಲ. ಅವನ ಹ್ಯಾರಿಗೆ ಟೋಪಿ ಇತ್ತು. ಕಾದಂಬರಿಗಳ ಮುಖಪುಟದಲ್ಲಿ ಹ್ಯಾರಿ ಟೋಪಿ ಹಾಕಿಕೊಂಡೇ ನಿಂತಿರ್ತಾನೆ. ಒಳಗಿನ ಕಥೆಯಲ್ಲಿ ಅವನು ಟೋಪಿ ಹಾಕುವವನಲ್ಲ, ಅಭಿಮಾನಿಗಳಿಗೆ ಇದೊಂದು ಹಳೇ ಜೋಕು. ಅಂದರೆ ನಮ್ಮ ಗೆಳೆಯ ‘ನನ್ನ ಹ್ಯಾರಿ’ ಅಂತ ಕಾಪಾಡಿಕೊಂಡಿದ್ದರಲ್ಲೂ ಬೇರೆ ಕಲಾವಿದರ ಕುಂಚ ಆಗಲೇ ಕೆಲಸ ಮಾಡಿತ್ತು. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: ‘ಹೋಗ್ಲಿ ಬಿಡಿ, ಟೋಪಿ ತೆಗೀತೀನಿ.’

ಎರಡನೇ ಪ್ರತಿಕ್ರಿಯೆ: ‘ಬೇಗ ಮುಗೀತು, ಒಳಗೇನೂ ಉಳೀಲಿಲ್ಲ’

ಇದು ಕಂಪ್ಯೂಟರ್ ಸೈನ್ಸ್‌ನ ಗೆಳತಿಯ ಮಾತು. ಕಾದಂಬರಿ ಮೂರು ರಾತ್ರಿ ನಿದ್ದೆ ಕೆಡಿಸುತ್ತೆ, ಇದು ಮಧ್ಯಾಹ್ನದ ಊಟ ಆದ ಮೇಲೆ ಕೂತರೆ ಸಂಜೆ ಕಾಫಿಗೆ ಮುಗಿಯುತ್ತೆ. ‘ಕಡಿಮೆ ಪುಟ ಅಂತ ಅಲ್ಲ’ ಅಂದಳು, ‘ಹ್ಯಾರಿ ತಲೆ ಒಳಗೆ ಕೂತ ಹಾಗೆ ಅನ್ನಿಸಲೇ ಇಲ್ಲ.’

ಇದಕ್ಕೆ ಕಾರಣ ಹುಡುಕೋಕೆ ನಾವು ಬುಚರ್ ಬರೆಯೋದು ಕಲಿತ ಜಾಗಕ್ಕೇ ಹೋಗಬೇಕಾಯ್ತು. ಅವರು ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಡೆಬೊರಾ ಚೆಸ್ಟರ್ ಎಂಬ ಲೇಖಕಿಯ ಬಳಿ ಕಲಿತವರು. ಗುರುಗಳು ಹೇಳಿದ ಸೂತ್ರವನ್ನೆಲ್ಲ ಅಕ್ಷರಶಃ ಪಾಲಿಸಿ, ಅದರಿಂದ ಎಂಥಾ ಕಳಪೆ ಪುಸ್ತಕ ಹುಟ್ಟುತ್ತೆ ಅಂತ ತೋರಿಸೋಕೆ ಹೊರಟು ಕೊನೆಗೆ ಹ್ಯಾರಿ ಡ್ರೆಸ್ಡೆನ್‌ನ ಮೊದಲ ಕಾದಂಬರಿ ಬರೆದೆ ಅಂತ ಬುಚರ್ ತಾವೇ ಹೇಳಿಕೊಳ್ತಾರೆ. ಅದೇ ವಿಶ್ವವಿದ್ಯಾಲಯದಲ್ಲಿ ಹಿಂದೆ ಪಾಠ ಹೇಳಿದ ಡ್ವೈಟ್ ಸ್ವೇನ್ ಅವರ ಒಂದು ಸೂತ್ರ ಇದೆ. ಕಥೆ ಎರಡು ತುಂಡುಗಳ ಸರಪಳಿ. ಮೊದಲ ತುಂಡು ಘಟನೆ: ಪಾತ್ರಕ್ಕೊಂದು ಗುರಿ, ಅಡ್ಡಿ, ಕೊನೆಗೆ ಏಟು. ಎರಡನೇ ತುಂಡು ಆ ಏಟಿನ ನಂತರದ್ದು: ಮೊದಲು ಮನಸ್ಸಿಗೆ ಏನಾಯ್ತು, ಆಮೇಲೆ ಈಗೇನು ಮಾಡೋದು ಅನ್ನೋ ಇಕ್ಕಟ್ಟು, ಕೊನೆಗೆ ನಿರ್ಧಾರ. ಆ ನಿರ್ಧಾರ ಮುಂದಿನ ಘಟನೆಗೆ ಗುರಿಯಾಗುತ್ತೆ.

ಈಗ ಯೋಚಿಸಿ. ಘಟನೆಯನ್ನು ಚಿತ್ರದಲ್ಲಿ ತೋರಿಸೋದು ಸುಲಭ. ಓಡೋದು, ಬೀಳೋದು, ಬೆಂಕಿ ಹಾರಿಸೋದು. ಎರಡನೇ ತುಂಡು ನಡೆಯೋದು ತಲೆಯೊಳಗೆ. ಕಾದಂಬರಿಯಲ್ಲಿ ಹ್ಯಾರಿ ‘ನಾನು’ ಅಂತಲೇ ಕಥೆ ಹೇಳೋದರಿಂದ ಏಟು ತಿಂದ ಮೇಲೆ ಎರಡು ಪುಟ ಗೊಣಗಬಹುದು, ಹೆದರಬಹುದು, ತನ್ನನ್ನೇ ಗೇಲಿ ಮಾಡಿಕೊಳ್ಳಬಹುದು. ನಮಗೆ ಅವನು ಗೆಳೆಯ ಆಗೋದು ಆ ಎರಡು ಪುಟಗಳಲ್ಲಿ. ಚಿತ್ರಕಾದಂಬರಿಯಲ್ಲೂ ಅವನ ‘ನಾನು’ ಇದೆ, ಆದರೆ ಚೌಕಟ್ಟಿನ ಮೂಲೆಯ ಸಣ್ಣ ಪೆಟ್ಟಿಗೆಯಲ್ಲಿ. ಎರಡು ಪುಟದ ಗೊಣಗಾಟ ಎರಡು ಸಾಲಾಗಬೇಕು. ಜೋಕು ಉಳಿಯುತ್ತೆ, ಭಯ ಸೋರಿಹೋಗುತ್ತೆ. ಗೆಳತಿಗೆ ‘ಒಳಗೇನೂ ಉಳೀಲಿಲ್ಲ’ ಅನ್ನಿಸಿದ್ದು ಇದಕ್ಕೇ.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಚಿತ್ರಕಾದಂಬರಿ ಒಂದು ಸ್ಯಾಂಪ್ಲಿಂಗ್. ಕಥೆ ಅನ್ನೋ ಸಿಗ್ನಲ್‌ನಿಂದ ಅಲ್ಲೊಂದು ಇಲ್ಲೊಂದು ಕ್ಷಣ ಆರಿಸಿ ಚೌಕಟ್ಟಿನಲ್ಲಿಡುತ್ತೆ. ಎರಡು ಚೌಕಟ್ಟುಗಳ ನಡುವಿನ ಬಿಳಿ ಸಂದಿಯಲ್ಲಿ ಏನು ನಡೀತು ಅಂತ ಜೋಡಿಸಿಕೊಳ್ಳೋದು ಓದುಗ. ಮೆಕ್‌ಕ್ಲೌಡ್ ಕಾಮಿಕ್ಸಿನ ಜೀವಾಳ ಇರೋದೇ ಆ ಸಂದಿಯಲ್ಲಿ ಅಂತಾರೆ. ಮೊದಲ ಚೌಕಟ್ಟಿನಲ್ಲಿ ಎತ್ತಿದ ಕೈ, ಎರಡನೆಯದರಲ್ಲಿ ನೆಲಕ್ಕೆ ಬಿದ್ದ ಮನುಷ್ಯ. ಹೊಡೆದದ್ದನ್ನು ಯಾರೂ ಬರೆದಿಲ್ಲ, ಹೊಡೆದವರು ನಾವೇ. ಕಡಿಮೆ ಸ್ಯಾಂಪಲ್ ತಗೊಂಡರೆ ಸಿಗ್ನಲ್‌ನ ಸೂಕ್ಷ್ಮ ಏರಿಳಿತ ಕಳೆದುಹೋಗುತ್ತೆ ಅಂತ ನೈಕ್ವಿಸ್ಟ್ ಪಾಠದಲ್ಲಿ ಓದಿದ್ದೀವಲ್ಲ. ಹ್ಯಾರಿಯ ಮನಸ್ಸಿನ ಏರಿಳಿತ ಅಂಥದ್ದು.

ಆದರೆ ಈ ಹೋಲಿಕೆ ಒಂದು ಕಡೆ ಮುರಿಯುತ್ತೆ, ಮುರಿಯೋ ಜಾಗವೇ ಮುಖ್ಯ. ಡಿಎಸ್‌ಪಿ ಪರೀಕ್ಷೆಯಲ್ಲಿ ಸಿಗ್ನಲ್ ಮರುಜೋಡಣೆಗೆ ಒಂದೇ ಸರಿ ಉತ್ತರ. ಓದಿನಲ್ಲಿ ಹಾಗಿಲ್ಲ. ಹತ್ತು ಕಾದಂಬರಿ ಓದಿದವನು ಆ ಸಂದಿಗೆ ಹತ್ತು ಕಾದಂಬರಿಯ ನೆನಪು ತುಂಬ್ತಾನೆ. ಏನೂ ಓದದವಳು ತನ್ನದೇನೋ ತುಂಬ್ತಾಳೆ. ಇದನ್ನು ನಾವು ಅವತ್ತು ಮರೆತಿದ್ವಿ.

ಮೂರನೇ ಪ್ರತಿಕ್ರಿಯೆ: ‘ಏನೂ ಬದಲಾಗ್ಲಿಲ್ಲ, ಹಾಗಾದ್ರೆ ಯಾಕೆ ಬರೀಬೇಕಿತ್ತು?’

ಪೂರ್ವಕಥೆಗಳ ಮೇಲೆ ಎಲ್ಲಾ ಕಡೆ ಕೇಳಿಬರುವ ದೂರು ಇದು. ಹ್ಯಾರಿ ಸಾಯಲ್ಲ ಅಂತ ಗೊತ್ತು, ಯಾಕಂದ್ರೆ ಮುಂದಿನ ಕಾದಂಬರಿಗಳು ನಮ್ಮ ಕಪಾಟಿನಲ್ಲೇ ಇವೆ. ಮರ್ಫಿಗೂ ಹ್ಯಾರಿಗೂ ನಡುವಿನ ನಂಬಿಕೆ ಎಷ್ಟು ದೂರ ಬೆಳೆಯಬಹುದು ಅನ್ನೋದಕ್ಕೂ ಮಿತಿ ಇದೆ. ‘ಸ್ಟಾರ್ಮ್ ಫ್ರಂಟ್’ನಲ್ಲಿ ಹ್ಯಾರಿ ಮಾಂತ್ರಿಕರ ಮಂಡಳಿಗೆ ಹೆದರಿ ಮರ್ಫಿಯಿಂದ ವಿಷಯ ಮುಚ್ಚಿಡ್ತಾನೆ, ಅದರಿಂದ ಇಬ್ಬರ ನಡುವೆ ಬಿರುಕು ಬರುತ್ತೆ. ಹಾಗಾಗಿ ಅದಕ್ಕೆ ಮೊದಲಿನ ಕಥೆಯಲ್ಲಿ ಅವನು ಎಲ್ಲಾ ಬಾಯಿಬಿಟ್ಟು ಹೇಳಿಬಿಡೋ ಹಾಗಿಲ್ಲ. ಗಣಿತದಲ್ಲಿ ಬೌಂಡರಿ ಕಂಡೀಷನ್ ಅಂತೀವಲ್ಲ, ಅದೇ. ಕೊನೆಯ ಬಿಂದು ಮೊದಲೇ ಕಟ್ಟಿಹಾಕಿದೆ. ರೇಖೆ ಎಲ್ಲೇ ಸುತ್ತಾಡಿದರೂ ಕೊನೆಗೆ ಬಂದು ಅಲ್ಲೇ ಸೇರಬೇಕು.

ಇದು ನಿಜವಾದ ಮಿತಿಯೇ. ಈ ಪುಸ್ತಕ ಅದನ್ನು ಪೂರ್ತಿ ಗೆದ್ದಿದೆ ಅಂತ ನಾವು ಹೇಳಲ್ಲ. ಒಂದು ರಾತ್ರಿಯ ಸಾಹಸ ಓದಿದ ಹಾಗಾಗುತ್ತೆ, ಜೀವನ ಬದಲಿಸುವ ತಿರುವು ಇಲ್ಲಿಲ್ಲ. ಆದರೆ ‘ಕೊನೆ ಗೊತ್ತಿದೆ, ಆದ್ದರಿಂದ ರುಚಿ ಇಲ್ಲ’ ಅನ್ನೋ ತರ್ಕ ನಮ್ಮ ಬಾಯಲ್ಲಿ ಶೋಭಿಸೋದಿಲ್ಲ. ಕರಾವಳಿಯಿಂದ ಬಂದ ಗೆಳೆಯನೊಬ್ಬ ಕೇಳಿದ: ‘ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತೆ ಅಂತ ನಮ್ಮಜ್ಜಿಗೆ ಎಪ್ಪತ್ತು ವರ್ಷದಿಂದ ಗೊತ್ತು. ಆದ್ರೂ ಬೆಳಗಿನ ಜಾವದ ತನಕ ಆಟ ನೋಡ್ತಾರಲ್ಲ, ಯಾಕೆ?’ ಕೊನೆ ಗೊತ್ತಿದ್ದಾಗ ‘ಏನಾಗುತ್ತೆ’ ಅನ್ನೋ ಪ್ರಶ್ನೆ ಸರಿದು ‘ಹೇಗಾಗುತ್ತೆ’ ಅನ್ನೋ ಪ್ರಶ್ನೆ ಬರುತ್ತೆ. ಪೂರ್ವಕಥೆಯನ್ನು ಅಳೆಯಬೇಕಾದರೆ ಆ ಎರಡನೇ ಪ್ರಶ್ನೆಯಿಂದ ಅಳೆಯೋಣ. ಆಗಲೂ ಸೋತರೆ ಸೋತಿದೆ ಅನ್ನೋಣ.

ಓದುಗ ಎಲ್ಲಿಂದ ಬಂದವನು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಲಿಂಕನ್ ಪಾರ್ಕ್ ಮೃಗಾಲಯ ನಿಜವಾದ ಜಾಗ. 1868ರಲ್ಲಿ ಶುರುವಾಗಿದ್ದು, ಒಳಗೆ ಹೋಗೋಕೆ ಇವತ್ತಿಗೂ ಟಿಕೆಟ್ ಇಲ್ಲ. ಬುಷ್‌ಮ್ಯಾನ್ ಅನ್ನೋ ಗೊರಿಲ್ಲಾ 1930ರಿಂದ 1951ರ ತನಕ ಅಲ್ಲಿತ್ತು. ಆ ಊರಿನ ಜನ ಅದನ್ನು ಎಷ್ಟು ಹಚ್ಚಿಕೊಂಡಿದ್ದರು ಅಂದರೆ, ಸತ್ತ ಮೇಲೂ ಅದರ ದೇಹಕ್ಕೆ ಹದ ಹಾಕಿ ಫೀಲ್ಡ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಹಾಗಿದ್ದಾಗ ‘ಲಿಂಕನ್ ಪಾರ್ಕ್‌ನ ಗೊರಿಲ್ಲಾ ಕೊಲೆ ಮಾಡಿದೆ’ ಅಂದ ಕೂಡಲೇ ಶಿಕಾಗೋದವರ ಮನಸ್ಸಲ್ಲಿ ಏಳುವ ಅಲೆ ನಮ್ಮಲ್ಲಿ ಏಳೋದಿಲ್ಲ. ನಮಗೆ ಅದು ಹಿನ್ನೆಲೆಯ ಚಿತ್ರ, ಅವರಿಗೆ ಅಜ್ಜ ಕೈ ಹಿಡಿದು ಕರೆದುಕೊಂಡು ಹೋದ ಜಾಗ.

ನಾಲ್ಕನೇ ಪ್ರತಿಕ್ರಿಯೆ: ಯಾರೂ ಕೇಳದೇ ಇದ್ದದ್ದು

ಇಷ್ಟೂ ಹೊತ್ತು ಮಾತಾಡಿದವರು ಕಾದಂಬರಿ ಓದಿದವರು. ಕೋಣೆಯಲ್ಲಿ ಎರಡನೇ ಸೆಮಿಸ್ಟರ್‌ನ ಒಬ್ಬ ಹುಡುಗಿ ಇದ್ದಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಊರು ತಾಲ್ಲೂಕು ಕೇಂದ್ರದಿಂದಲೂ ದೂರ. ಸರಣಿಯ ಹೆಸರು ಕೇಳಿದ್ದೇ ಮೊದಲ ಸಲ. ‘ನಂಗೆ ಪುಸ್ತಕ ಇಷ್ಟ ಆಯ್ತು’ ಅಂತ ಶುರು ಮಾಡಿದಳು. ‘ನಾನು ಪೂರ್ತಿ ಓದಿದ ಮೊದಲನೇ ಇಂಗ್ಲಿಷ್ ಪುಸ್ತಕ ಇದು.’

ನಮ್ಮಲ್ಲೊಬ್ಬ ಸೀನಿಯರ್ ನಗ್ತಾ ಅಂದರು: ‘ಓದಿದ್ದಾ, ಚಿತ್ರ ನೋಡಿ ಮುಗಿಸಿದ್ದಾ?’

ತಮಾಷೆಗೇ ಅಂದಿದ್ದು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆಮೇಲೆ ಒಂದೂವರೆ ಗಂಟೆ ಒಂದು ಮಾತೂ ಆಡಲಿಲ್ಲ. ಟೋಪಿ, ಸ್ಯಾಂಪ್ಲಿಂಗ್, ಗದಾಯುದ್ಧ ಎಲ್ಲಾ ಚರ್ಚೆ ಅವಳ ತಲೆ ಮೇಲಿಂದ ಹಾರಿಹೋಯ್ತು. ಬೀಗ ಹಾಕುವಾಗ ನಮಗೆ ಅದು ಹೊಳೀತು. ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಹೋಗಿ ಕರೆದದ್ದು ಅದೇ ಸೀನಿಯರ್. ‘ನಾನು ಅಂದಿದ್ದು ತಪ್ಪಾಯ್ತಮ್ಮ. ನಿನ್ನ ಅಭಿಪ್ರಾಯ ಕೇಳಲೇ ಇಲ್ಲ ನಾವು, ಬಂದು ಹೇಳು’ ಅಂದರು. ಬಂದಳು. ಪುಸ್ತಕ ಬಿಡಿಸಿ ಗೊರಿಲ್ಲಾ ಇರುವ ಪುಟ ತೋರಿಸಿದಳು.

‘ಅಕ್ಕ, ಎಲ್ಲರೂ ಹ್ಯಾರಿ ಬಗ್ಗೆ ಮಾತಾಡಿದ್ರಿ. ನಂಗೆ ಇದರದೇ ಯೋಚನೆ. ಇದರ ಮೇಲೆ ಆರೋಪ ಇದೆ, ಆದ್ರೆ ಇದಕ್ಕೆ ಮಾತೇ ಬರಲ್ಲ. ಬರೀ ಅಕ್ಷರದ ಪುಸ್ತಕ ಆಗಿದ್ರೆ ಇದರ ಬಗ್ಗೆ ಹ್ಯಾರಿ ಏನು ಹೇಳ್ತಾನೋ ಅದನ್ನೇ ನಾನು ನಂಬಬೇಕಿತ್ತು. ಇಲ್ಲಿ ಅದರ ಮುಖ ನಾನೇ ನೋಡಿದೆ. ನೋಡಿ, ಇದು ಮಾಡಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಆಮೇಲೆ ಹ್ಯಾರಿ ಹೇಳಿದ್ದು ಸರಿ ಅನ್ನಿಸ್ತು.’

ನಾವು ಯಾರೂ ಆ ಚೌಕಟ್ಟುಗಳ ಮೇಲೆ ಅಷ್ಟು ಹೊತ್ತು ನಿಂತಿರಲಿಲ್ಲ. ನಮಗೆ ಹ್ಯಾರಿಯ ದನಿ ಗೊತ್ತಿತ್ತು. ಆದ್ದರಿಂದ ಅಕ್ಷರದ ಪೆಟ್ಟಿಗೆಯಿಂದ ಅಕ್ಷರದ ಪೆಟ್ಟಿಗೆಗೆ ಹಾರಿಕೊಂಡು ಹೋಗಿ ‘ಬೇಗ ಮುಗೀತು’ ಅಂದೆವು. ಚಿತ್ರ ನೋಡಿದವಳು ಅವಳು. ಅಂದರೆ ಪುಸ್ತಕವನ್ನು ಅದು ಬರೆದಿರುವ ಭಾಷೆಯಲ್ಲೇ ಓದಿದವಳು ಅವಳು. ಎರಡನೇ ಪ್ರತಿಕ್ರಿಯೆಯಲ್ಲಿ ನಾವು ‘ಚಿತ್ರಕ್ಕೆ ಒಳಮನಸ್ಸು ತೋರಿಸೋಕೆ ಆಗಲ್ಲ’ ಅಂತ ಸಿದ್ಧಾಂತ ಕಟ್ಟಿದ್ದೆವಲ್ಲ, ಅದನ್ನು ಈಗ ಸ್ವಲ್ಪ ತಿದ್ದಬೇಕು. ಮಾತುಗಾರನ ಒಳಮನಸ್ಸು ಚಿತ್ರದಲ್ಲಿ ಕುಗ್ಗಬಹುದು. ಮಾತಿಲ್ಲದವರದು ಚಿತ್ರದಲ್ಲೇ ಮೊದಲ ಸಲ ಕಾಣಿಸಬಹುದು.

ಹೊಸಬರು ಈ ಸರಣಿಯನ್ನು ಇಲ್ಲಿಂದಲೇ ಶುರು ಮಾಡಬಹುದಾ ಅನ್ನೋ ಪ್ರಶ್ನೆಗೂ ಇಲ್ಲೇ ಉತ್ತರ ಸಿಕ್ಕಿತು. ಕಥಾಕಾಲದ ಪ್ರಕಾರ ಇದು ಮೊದಲು, ಪ್ರಕಟಣೆಯ ಪ್ರಕಾರ ಹಲವು ಕಾದಂಬರಿಗಳ ನಂತರ. ಹಳಬರು ಪ್ರಕಟಣೆಯ ಕ್ರಮದಲ್ಲೇ ಓದಿ ಅನ್ನಬಹುದು, ಅದಕ್ಕೂ ಅರ್ಥವಿದೆ. ಆದರೆ ಬಾಗಿಲು ಯಾವುದು ಅಂತ ತೀರ್ಮಾನ ಮಾಡೋದು ಮನೆಯೊಳಗೆ ಕೂತವರಲ್ಲ, ಹೊರಗೆ ನಿಂತವರು. ಯಾವ ಬಾಗಿಲು ತೆರೆಯುತ್ತೋ ಅದರಿಂದ ಬರಲಿ.

ಪಾಠ: ಪ್ರತಿಕ್ರಿಯೆ ಬರೆಯೋಕೆ ಮೊದಲು ಐದು ಪ್ರಶ್ನೆ

ಈಗ ನಮ್ಮ ಓದುಕೂಟದಲ್ಲಿ ಯಾವ ಪುಸ್ತಕ ಚರ್ಚಿಸಿದರೂ ಈ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೀತೀವಿ. ನೀವೂ ಪ್ರಯೋಗ ಮಾಡಿ ನೋಡಿ.

1. ನಾನು ಈ ಪುಸ್ತಕಕ್ಕೆ ಏನನ್ನು ಹೊತ್ತುಕೊಂಡು ಬಂದೆ? ಹಿಂದಿನ ಕಾದಂಬರಿಗಳು, ಮುಖಪುಟ, ಸಿನಿಮಾ, ಗೆಳೆಯರ ಮಾತು, ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆಯಿರಿ. (ಟೋಪಿಯನ್ನು ಮರೆಯಬೇಡಿ.)

2. ನನ್ನ ದೂರು ಈ ಪುಸ್ತಕದ ಮೇಲೋ, ಈ ಪ್ರಕಾರದ ಮೇಲೋ? ‘ಹ್ಯಾರಿಯ ಮನಸ್ಸು ಕಾಣಲಿಲ್ಲ’ ಅನ್ನೋದರಲ್ಲಿ ಎಷ್ಟು ಭಾಗ ಬುಚರ್ ಮತ್ತು ಸ್ಯಾಫ್ ಅವರದು, ಎಷ್ಟು ಭಾಗ ಕಾಮಿಕ್ಸ್ ಅನ್ನೋ ರೂಪದ್ದು?

3. ಪುಸ್ತಕ ತಾನೇ ಹಾಕಿಕೊಂಡ ಮಿತಿ ಯಾವುದು? ಪೂರ್ವಕಥೆಗೆ ಕೊನೆ ಬದಲಿಸುವ ಸ್ವಾತಂತ್ರ್ಯ ಇಲ್ಲ. ಆ ಮಿತಿಯೊಳಗೆ ಎಷ್ಟು ದೂರ ಹೋಗಿದೆ ಅಂತ ನೋಡಿ.

4. ನನ್ನ ಮಾತಿಗೆ ಪುಟ ತೋರಿಸಬಲ್ಲೆನಾ? ‘ಬೋರಿಂಗ್’, ‘ಸೂಪರ್’ ಅನ್ನೋದು ಮಾಪನದ ಫಲಿತಾಂಶ ಮಾತ್ರ, ರೀಡಿಂಗ್ಸ್ ಎಲ್ಲಿ? ರೀಡಿಂಗ್ಸ್ ಇಲ್ಲದ ರೆಕಾರ್ಡ್ ಬುಕ್ಕಿಗೆ ನಮ್ಮ ಲ್ಯಾಬ್‌ನಲ್ಲಿ ಸಹಿ ಬೀಳಲ್ಲ, ಇಲ್ಲೂ ಹಾಗೇ.

5. ಈ ಕೋಣೆಯಲ್ಲಿ ಇನ್ನೂ ಯಾರು ಮಾತಾಡಿಲ್ಲ? ಅವರು ಯಾಕೆ ಮಾತಾಡಿಲ್ಲ?

ಮೊದಲ ನಾಲ್ಕನ್ನು ನಾವು ಪುಸ್ತಕಗಳಿಂದ ಕಲಿತೆವು. ಐದನೆಯದನ್ನು ಒಬ್ಬ ಜೂನಿಯರ್‌ನಿಂದ ಕಲಿತೆವು, ಸ್ವಲ್ಪ ತಡವಾಗಿ.

ನಮ್ಮ ಹಳೆಯ ಕಾವ್ಯಶಾಸ್ತ್ರದಲ್ಲಿ ಓದುಗನಿಗೆ ‘ಸಹೃದಯ’ ಅನ್ನೋ ಚಂದದ ಹೆಸರಿದೆ. ಕವಿಯ ಹೃದಯಕ್ಕೆ ಸಮನಾದ ಹೃದಯ ಇರುವವನು ಅಂತ ಅರ್ಥ ಹೇಳ್ತಾರೆ. ಓದುಕೂಟ ಅಂದ ಮೇಲೆ ಪಕ್ಕದಲ್ಲಿ ಕೂತ ಓದುಗರ ಜೊತೆಗೂ ಅಷ್ಟೇ ಹೃದಯ ಬೇಕಾಗುತ್ತೆ ಅಂತ ನಾವು ಸೇರಿಸಿಕೊಂಡಿದ್ದೀವಿ.

ಕೊನೆಯದಾಗಿ ಒಂದು ಸುದ್ದಿ. ಆ ಜೂನಿಯರ್ ಸಂಘದ ಕಪಾಟಿನಿಂದ ‘ಸ್ಟಾರ್ಮ್ ಫ್ರಂಟ್’ ತಗೊಂಡು ಹೋಗಿದ್ದಾಳೆ. ಪುಸ್ತಕ ವಾಪಸ್ ಕೊಡೋ ದಿನ ಎರಡು ಸಲ ದಾಟಿದೆ. ಎಷ್ಟನೇ ಪುಟ ಅಂತ ನಾವು ಕೇಳಿಲ್ಲ. ದಂಡವನ್ನೂ ಹಾಕಿಲ್ಲ.